ಮಕ್ಕಳನ್ನು ಕಟ್ಟಿಕೊಂಡು ವನ್ಯಜೀವಿ ಛಾಯಾಗ್ರಹಣ: ಕೇರ್ನ್ಸ್ ಸೀಮೆಯ ಸಮಗ್ರ ಮಾರ್ಗದರ್ಶಿ

"ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಇನ್ನು ಕ್ಯಾಮೆರಾ ಎಲ್ಲಿ ಮುಟ್ಟೋದು?" ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್‌ಗೆ ಬಂದು ನೆಲೆಸಿದ ನಮ್ಮವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಸಂಸಾರ ಇರುವವರಿಗೇ ಇಲ್ಲಿ ಒಳ್ಳೆ ಫೋಟೋ ಸಿಗುತ್ತದೆ. ಮಕ್ಕಳು ನಸುಕಿಗೇ ಎದ್ದು ಕೂರುತ್ತಾರೆ. ಪ್ರಾಣಿಗಳು ಓಡಾಡುವ ಹೊತ್ತೂ ಅದೇ. ಮಕ್ಕಳಿಗಾಗಿ ಅದೇ ಪಾರ್ಕು, ಅದೇ ಹಾದಿ, ಅದೇ ಕೆರೆಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಹಾಗೆ ಹೋದಾಗಲೇ ಒಂದು ಹಕ್ಕಿ ಯಾವ ಕೊಂಬೆಗೆ ಬಂದು ಕೂರುತ್ತದೆ, ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಅಂತ ತಿಳಿಯೋದು. ಅದು ತಿಳಿದ ಮೇಲೆ ಫೋಟೋ ಕಷ್ಟವಲ್ಲ.

ಈ ಬರಹ ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಕರಾವಳಿಯ ಊರಾದ ಕೇರ್ನ್ಸ್‌ನಲ್ಲಿ ವಾಸವಿರುವ ಸಂಸಾರಗಳಿಗೆ, ಮತ್ತು ರಜೆಗೆ ಒಂದೆರಡು ವಾರ ಬರುವವರಿಗೆ. ಹೇಳಿದ ಜಾಗಗಳೆಲ್ಲ ಕೇರ್ನ್ಸ್‌ನಿಂದ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಷ್ಟು ದೂರದಲ್ಲೇ ಇವೆ.

ಹಂತ 1: ಮೊದಲು ಕ್ಯಾಲೆಂಡರ್, ಆಮೇಲೆ ಕ್ಯಾಮೆರಾ

ಇಲ್ಲಿ ಇರುವುದು ಮುಖ್ಯವಾಗಿ ಎರಡೇ ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ, ಮೇ ತಿಂಗಳಿಂದ ಒಣಗಾಲ. ಕೇರ್ನ್ಸ್‌ನಲ್ಲಿ ವರ್ಷಕ್ಕೆ ಸುಮಾರು 2000 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಈ ನಾಲ್ಕೈದು ತಿಂಗಳಲ್ಲೇ ಸುರಿದುಬಿಡುತ್ತದೆ. ಯಾವ ಪ್ರಾಣಿ ಯಾವಾಗ ಅನ್ನುವುದು ಇದರ ಮೇಲೇ ನಿಂತಿದೆ.

ಶಾಲೆಯ ರಜೆಗಳನ್ನು ಇದಕ್ಕೆ ಜೋಡಿಸಿಕೊಳ್ಳಿ. ಜೂನ್ ಕೊನೆ ಮತ್ತು ಜುಲೈ ರಜೆ ತಂಪಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಘಟ್ಟದ ಮೇಲಿನ ಪ್ಲಾಟಿಪಸ್ (ಬಾತುವಿನಂಥ ಕೊಕ್ಕಿನ, ನೀರಲ್ಲಿ ಈಜುವ ಪ್ರಾಣಿ), ಸಾರಸ ಕೊಕ್ಕರೆ, ಬಿಸಿಲು ಕಾಯಿಸುವ ಮೊಸಳೆ, ಮೂರಕ್ಕೂ ಅದೇ ಸರಿಯಾದ ಕಾಲ. ಸೆಪ್ಟೆಂಬರ್ ರಜೆಗೆ ಸೈಬೀರಿಯಾ ಕಡೆಯಿಂದ ಕಡಲತೀರದ ವಲಸೆ ಹಕ್ಕಿಗಳು ಬಂದಿಳಿದಿರುತ್ತವೆ. ಡಿಸೆಂಬರ್ ಮತ್ತು ಜನವರಿಯ ದೊಡ್ಡ ರಜೆಯಲ್ಲಿ ಸೆಖೆ ಜಾಸ್ತಿ, ಮಳೆ ಜಾಸ್ತಿ, ಅದರ ಜೊತೆಗೆ ಕಪ್ಪೆ, ಚಿಟ್ಟೆ, ಹುಳುಹುಪ್ಪಟೆಗಳೂ ಜಾಸ್ತಿ. ನ್ಯೂ ಗಿನಿಯಿಂದ ಬಿಳಿ ಬಾಲದ ಪ್ಯಾರಡೈಸ್ ಮಿಂಚುಳ್ಳಿ ಬರುವುದೂ ಆಗಲೇ. ನವೆಂಬರ್‌ನಲ್ಲಿ ಬಂದು, ಕಾಡಿನ ನೆಲದ ಗೆದ್ದಲ ಹುತ್ತದಲ್ಲಿ ಗೂಡು ಕೊರೆದು, ಮರಿ ಮಾಡಿ, ಏಪ್ರಿಲ್ ಹೊತ್ತಿಗೆ ವಾಪಸ್ ಹೋಗುತ್ತದೆ.

ಊರಿನಿಂದ ಅಪ್ಪ ಅಮ್ಮನನ್ನು ಕರೆಸುವ ಯೋಚನೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಅವರಿಗೂ ಹಿತ, ನಿಮಗೂ ಮಕ್ಕಳನ್ನು ನೋಡಿಕೊಳ್ಳುವ ಒಂದು ಜೊತೆ ಕೈ ಸಿಗುತ್ತದೆ.

ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂಮುಕ್ಕಾಲಿಗೆ, ಡಿಸೆಂಬರ್‌ನಲ್ಲಿ ಅದಕ್ಕಿಂತ ಒಂದು ಗಂಟೆ ಮೊದಲು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿ ಇಲ್ಲ. ಹಾಗಾಗಿ ಶಾಲೆಗೆ ಹೊರಡುವ ಮೊದಲೇ ಮುಕ್ಕಾಲು ಗಂಟೆ ಒಳ್ಳೆ ಬೆಳಕು ಸಿಗುವ ದಿನಗಳು ತುಂಬಾ ಇವೆ.

ಹಂತ 2: ಸಾಮಾನು, ಮತ್ತು ಅದಕ್ಕೆ ಬೂಸ್ಟು ಹಿಡಿಯದಂತೆ ನೋಡಿಕೊಳ್ಳುವುದು

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಾಣಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಯಾವ ಮಿರರ್‌ಲೆಸ್ ಕ್ಯಾಮೆರಾ ಆದರೂ ಆಗುತ್ತದೆ. ಲೆನ್ಸ್ 100-400 ಮಿ.ಮೀ. ಇರಲಿ. 150-600 ಇನ್ನೂ ದೂರ ಹೋಗುತ್ತದೆ ನಿಜ, ಆದರೆ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ನೀರಿನ ಬಾಟಲಿ ಇರುವಾಗ ಅದರ ತೂಕ ಕುತ್ತಿಗೆಗೆ ಬರುತ್ತದೆ. ಟ್ರೈಪಾಡ್ ಬೇಡ. ಹಲಗೆ ಹಾದಿಯಲ್ಲಿ ಮಕ್ಕಳು ಎಡವುತ್ತಾರೆ. ಒಂಟಿ ಕಾಲಿನ ಮಾನೋಪಾಡ್ ಸಾಕು.

ಮಕ್ಕಳಿಗೂ ಒಂದು ಕ್ಯಾಮೆರಾ ಕೊಡಿ. ಹಳೆಯ ಬ್ರಿಡ್ಜ್ ಕ್ಯಾಮೆರಾ (ಜೂಮ್ ಲೆನ್ಸ್ ಜೋಡಿಸಿಯೇ ಬರುವಂಥದ್ದು) ಸೆಕೆಂಡ್ ಹ್ಯಾಂಡ್ ಆದರೂ ಚೆನ್ನಾಗಿಯೇ ಜೂಮ್ ಮಾಡುತ್ತದೆ. ತೀರಾ ಚಿಕ್ಕವರಿಗೆ 8 ಪಟ್ಟಿನ ಪುಟ್ಟ ಬೈನಾಕ್ಯುಲರ್. ಕೈಯಲ್ಲಿ ಏನೂ ಇಲ್ಲದ ಮಗುವಿಗೆ ಬೇಗ ಬೇಜಾರಾಗುತ್ತದೆ.

ಇಲ್ಲಿ ನಿಜವಾದ ಶತ್ರು ತೇವ. ಮಂಗಳೂರು, ಮಲೆನಾಡಿನ ಕಡೆ ಮಳೆಗಾಲ ಕಳೆದವರಿಗೆ ಬೀರುವಿನ ಬಟ್ಟೆಗೆ ಬೂಸ್ಟು ಹಿಡಿಯುವುದು ಗೊತ್ತಲ್ವಾ? ಲೆನ್ಸ್ ಒಳಗೂ ಹಾಗೆಯೇ ಹಿಡಿಯುತ್ತದೆ. ಅದನ್ನು ತೆಗೆಸುವ ಖರ್ಚಿಗೆ ಕೆಲವೊಮ್ಮೆ ಬೇರೆ ಲೆನ್ಸೇ ಬರುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ. ತೇವ ಹೀರುವ ಸಿಲಿಕಾ ಜೆಲ್ ಹಾಕಿ. ತೇವ ತೋರಿಸುವ ಪುಟ್ಟ ಮೀಟರ್ ಇಡಿ. 40ರಿಂದ 50 ಪರ್ಸೆಂಟ್ ಒಳಗೆ ಇರಲಿ. ಮೀಟರ್ ಏರಿದರೆ ಜೆಲ್ ಬದಲಿಸಿ, ಅಥವಾ ಪೊಟ್ಟಣದ ಮೇಲೆ ಹೇಳಿದಂತೆ ಓವನ್‌ನಲ್ಲಿ ಒಣಗಿಸಿ. ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಲು ಅನುಕೂಲವಿದ್ದರೆ ಮೊದಲ ವರ್ಷವೇ ಕೊಳ್ಳಿ.

ಇನ್ನೊಂದು ವಿಷಯ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ಸೀದಾ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕವಿಯುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವ ಮುಕ್ಕಾಲು ಗಂಟೆ ಮೊದಲೇ ಬ್ಯಾಗನ್ನು ಜಿಪ್ ಹಾಕಿದ ಹಾಗೆಯೇ ವೆರಾಂಡಾದಲ್ಲಿಡಿ. ಕಾರಿನಲ್ಲಿ ಎಸಿ ಇದ್ದರೆ ಬ್ಯಾಗು ಡಿಕ್ಕಿಯಲ್ಲಿರಲಿ.

ಸೊಳ್ಳೆಗೆ ಹಚ್ಚುವ ಡೀಟ್ ಇರುವ ಔಷಧ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಮೇಲೆ ಅಂಗೈ ತೊಳೆದುಕೊಂಡೇ ಕ್ಯಾಮೆರಾ ಮುಟ್ಟಿ. ಮಕ್ಕಳ ಕೈಯನ್ನೂ ಒರೆಸಿ.

ಹಂತ 3: ಮೊದಲ ತಿಂಗಳು ವೆರಾಂಡಾ ಬಿಟ್ಟು ಹೋಗಬೇಡಿ

ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೇರ್ನ್ಸ್‌ನ ಸಾಮಾನ್ಯ ಮನೆಯ ಹಿತ್ತಲಲ್ಲಿ ಕಾಣುವಷ್ಟು ಜೀವಿಗಳು ಬೇರೆ ಎಷ್ಟೋ ಊರಿನ ಪಾರ್ಕಿನಲ್ಲೂ ಕಾಣುವುದಿಲ್ಲ.

ಹಳದಿ ಹೊಟ್ಟೆಯ ಸೂರಕ್ಕಿಯಿಂದ ಶುರು ಮಾಡಿ. ಗಂಡಿನ ಗಂಟಲು ಕಡುನೀಲಿ, ಮಿಂಚುತ್ತದೆ. ಹೆಣ್ಣಿನ ಗಂಟಲೂ ಹಳದಿ. ಗೂಡು ಕಟ್ಟುವವಳು ಅವಳೇ. ಬಟ್ಟೆ ಒಣಹಾಕುವ ತಂತಿ, ನೇತುಹಾಕಿದ ಹೂಕುಂಡದ ಸರಪಳಿ, ವೆರಾಂಡಾದ ದೀಪದ ವೈರು, ಎಲ್ಲಿ ಬೇಕಾದರೂ ಕಟ್ಟುತ್ತಾಳೆ. ಜೇಡರ ಬಲೆ, ತೊಗಟೆಯ ಎಳೆ, ಒಣ ಎಲೆ ಸೇರಿಸಿ ಮಾಡಿದ ಉದ್ದನೆ ಜೋಳಿಗೆ ಅದು. ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಮಳೆ ತಡೆಯಲು ಪುಟ್ಟ ಸೂರು, ಕೆಳಗೆ ಬಾಲದಂತೆ ಜೋತಾಡುವ ನಾರು. ಊರಲ್ಲಿ ನಮ್ಮ ಸೂರಕ್ಕಿಗಳ ಗೂಡು ನೋಡಿದ ಅಜ್ಜಿ ತಾತ ಇದನ್ನು ತಕ್ಷಣ ಗುರುತು ಹಿಡಿಯುತ್ತಾರೆ.

ತೆಗೆಯುವ ಬಗೆ ಹೀಗೆ. ಗೂಡಿನ ಬಾಗಿಲು ಯಾವ ಕಡೆ ಇದೆ ನೋಡಿ. ಹಕ್ಕಿ ಸೀದಾ ಗೂಡಿಗೆ ಬರುವುದಿಲ್ಲ. ಮೊದಲು ಹತ್ತಿರದ ಒಂದು ಕಡ್ಡಿಯ ಮೇಲೆ ಕೂತು ಸುತ್ತ ನೋಡುತ್ತದೆ. ಹೆಚ್ಚಾಗಿ ಅದೇ ಕಡ್ಡಿ. ನಿಮ್ಮ ಫೋಕಸ್ ಆ ಕಡ್ಡಿಯ ಮೇಲಿರಲಿ, ಗೂಡಿನ ಮೇಲೆ ಬೇಡ. ಮನೆಯೊಳಗೆ, ಕಿಟಕಿಯ ಹಿಂದೆ ಕುರ್ಚಿ ಹಾಕಿ ಕೂತರೆ ಅದರ ಪಾಡಿಗೆ ಅದು ಓಡಾಡುತ್ತದೆ. ಶಟರ್ 1/2000 ಸೆಕೆಂಡಿಗೆ ಇಡಿ. ಫ್ಲ್ಯಾಶ್ ಬೇಡ. ಗೂಡಿಗೆ ಅಡ್ಡವಿದೆ ಅಂತ ಎಲೆ ಕಿತ್ತುಹಾಕಬೇಡಿ. ಆ ಎಲೆಯೇ ಮರಿಗೆ ನೆರಳು, ಅದೇ ಮರೆ. ಹಕ್ಕಿ ಕಡ್ಡಿಯ ಮೇಲೇ ಕೂತು ಚಿಲಿಚಿಲಿ ಅಂತ ಬೈಯುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಎದ್ದು ಒಳಗೆ ಹೋಗಿ.

ಮೊಟ್ಟೆಗೆ ಕಾವು ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಮಕ್ಕಳಿಗೆ ಇದು ಒಳ್ಳೆ ಕೆಲಸ. ಗೋಡೆಗೆ ಒಂದು ಹಾಳೆ ಅಂಟಿಸಿ. ಇವತ್ತು ಯಾರು ಬಂದರು, ಬಾಯಲ್ಲಿ ಏನಿತ್ತು ಅಂತ ಅವರೇ ಬರೆಯಲಿ.

ರಾತ್ರಿ ವೆರಾಂಡಾದ ದೀಪಕ್ಕೆ ಹುಳು ಬರುತ್ತವೆ, ಹುಳುವಿಗೆ ಕಪ್ಪೆ ಬರುತ್ತದೆ. ಕೆಳತುಟಿಯ ಉದ್ದಕ್ಕೂ ಬಿಳಿ ಗೆರೆ ಇರುವ ದೊಡ್ಡ ಹಸಿರು ಮರಗಪ್ಪೆ ಕಂಡರೆ ಮಕ್ಕಳನ್ನು ಎಬ್ಬಿಸಿಯಾದರೂ ತೋರಿಸಿ. ಪ್ರಪಂಚದ ಅತಿ ದೊಡ್ಡ ಮರಗಪ್ಪೆಗಳಲ್ಲಿ ಅದೂ ಒಂದು. ನೆಲದ ಮೇಲೆ ಕುಪ್ಪಳಿಸುವ ಒರಟು ಚರ್ಮದ ಕಂದು ಕಪ್ಪೆ ಬೇರೆ. ಅದು ಕೇನ್ ಟೋಡ್. ಕಬ್ಬಿನ ದುಂಬಿ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ತಂದು, ಕೇರ್ನ್ಸ್ ಪಕ್ಕದ ಗಾರ್ಡನ್‌ವೇಲ್‌ನಲ್ಲಿ ಬಿಟ್ಟರು. ದುಂಬಿ ಹೋಗಲಿಲ್ಲ, ಟೋಡ್ ಉತ್ತರ ಆಸ್ಟ್ರೇಲಿಯಾ ತುಂಬಾ ಹರಡಿತು. ಅದರ ಚರ್ಮದಲ್ಲಿ ವಿಷ ಇದೆ. ಫೋಟೋ ತೆಗೆಯಿರಿ, ಮುಟ್ಟಬೇಡಿ.

ಹಿತ್ತಲಲ್ಲಿ ಜಾಗ ಇದ್ದರೆ ನರ್ಸರಿಯಲ್ಲಿ ಪಿಂಕ್ ಯುವೋಡಿಯಾ ಅಂತ ಕೇಳಿ ಒಂದು ಗಿಡ ತನ್ನಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ ನೆಡಿ. ಕಾಂಡಕ್ಕೇ ಅಂಟಿದಂತೆ ಗುಲಾಬಿ ಹೂ ಬಿಡುತ್ತದೆ. ಹೂವಿಗೆ ಗಿಳಿಗಳು ಬರುತ್ತವೆ, ಎಲೆಯ ಮೇಲೆ ನೀಲಿ ಯುಲಿಸಿಸ್ ಚಿಟ್ಟೆ ಮೊಟ್ಟೆ ಇಡುತ್ತದೆ. ಯುಲಿಸಿಸ್‌ನ ರೆಕ್ಕೆ ಮೇಲೆ ನೀಲಿ, ಕೆಳಗೆ ಕಂದು. ಕೂತಾಗ ರೆಕ್ಕೆ ಮುಚ್ಚಿಬಿಡುತ್ತದೆ, ನೀಲಿ ಕಾಣುವುದೇ ಇಲ್ಲ. ಆದ್ದರಿಂದ ಹೂವಿನ ಮುಂದೆ ಅದು ರೆಕ್ಕೆ ಬಡಿಯುತ್ತಾ ನಿಂತಾಗಲೇ ಹಿಡಿಯಬೇಕು. ಒಂದರ ಹಿಂದೊಂದು ಫೋಟೋ ತೆಗೆಯುವ ಬರ್ಸ್ಟ್ ಹಾಕಿ, ಶಟರ್ 1/3200ಕ್ಕೆ ಏರಿಸಿ. ಅಂಗಳದಲ್ಲಿ ಕೇಪಳದ ಗಿಡ ಇದ್ದರೆ ಅದರ ಹತ್ತಿರವೇ ಕಾಯಿರಿ.

ಅಲಂಕಾರಕ್ಕೆ ಬೆಳೆಸುವ ಡಚ್‌ಮನ್ಸ್ ಪೈಪ್ ಅನ್ನುವ ಬಳ್ಳಿ ಹಿತ್ತಲಲ್ಲಿ ಇದ್ದರೆ ಕಿತ್ತುಬಿಡಿ. ಕೇರ್ನ್ಸ್ ಬರ್ಡ್‌ವಿಂಗ್ ಆಸ್ಟ್ರೇಲಿಯಾದ ಅತಿ ದೊಡ್ಡ ಚಿಟ್ಟೆ. ತನ್ನ ಬಳ್ಳಿಯೇ ಅಂದುಕೊಂಡು ಇದರ ಮೇಲೆ ಮೊಟ್ಟೆ ಇಡುತ್ತದೆ, ಎಲೆ ತಿಂದ ಹುಳುಗಳು ಸಾಯುತ್ತವೆ.

ಹಂತ 4: ಎಸ್ಪ್ಲನೇಡ್‌ಗೆ ಹೋಗುವ ಮುನ್ನ ಉಬ್ಬರದ ಸಮಯ ನೋಡಿ

ಕೇರ್ನ್ಸ್ ಪೇಟೆಯ ಕಡಲಂಚಿನ ಎಸ್ಪ್ಲನೇಡ್‌ನಲ್ಲಿ ಮರಳ ತೀರ ಇಲ್ಲ, ಕೆಸರಿನ ಬಯಲು ಇದೆ. ಸಂಜೆ ಮಕ್ಕಳನ್ನು ಆಟದ ಜಾಗಕ್ಕೆ ಹೇಗೂ ಕರೆದುಕೊಂಡು ಹೋಗುತ್ತೀರಿ. ಅಲ್ಲೇ ಕಟ್ಟೆಯ ಆಚೆ ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗಳು ಮೇಯುತ್ತಿರುತ್ತವೆ. ಉದ್ದ ಕೊಕ್ಕಿನ ಗೊರವ, ಗಾಡ್‌ವಿಟ್, ಗ್ರೇಟ್ ನಾಟ್, ಜೊತೆಗೆ ಇಲ್ಲಿಯದೇ ಆದ ಹೆಜ್ಜಾರ್ಲೆಗಳು.

ನೀರು ಪೂರ್ತಿ ಇಳಿದಾಗ ಹೋದರೆ ಹಕ್ಕಿಗಳೆಲ್ಲ ದೂರದ ಚುಕ್ಕೆ. ಪೂರ್ತಿ ಏರಿದಾಗ ಹೋದರೆ ಬೇರೆ ಕಡೆ ಹಾರಿಹೋಗಿರುತ್ತವೆ. ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಕೂರಿ. ನೀರು ಏರುತ್ತಾ ಬಂದ ಹಾಗೆ ಹಕ್ಕಿಗಳೇ ನಿಮ್ಮ ಕಡೆ ಸರಿಯುತ್ತವೆ. ಕಡಲು ಪೂರ್ವ ದಿಕ್ಕಿಗಿದೆ. ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮಧ್ಯಾಹ್ನ ನಾಲ್ಕರ ಮೇಲೆ ನಿಮ್ಮ ಬೆನ್ನಿಗೆ ಬರುತ್ತದೆ. ಸಂಜೆ ಉಬ್ಬರ ಬೀಳುವ ದಿನಗಳನ್ನು ತಿಂಗಳ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಮಾರ್ಚ್ ಕೊನೆಯ ವಾರಗಳನ್ನು ಬಿಡಬೇಡಿ. ಉತ್ತರಕ್ಕೆ ಹೊರಡುವ ಮುನ್ನ ಗಾಡ್‌ವಿಟ್‌ಗಳ ಎದೆ ಕೆಂಪಿಗೆ ತಿರುಗಿರುತ್ತದೆ. ಬೂದು ಬಣ್ಣದಲ್ಲೇ ಅವನ್ನು ನೋಡಿದವರಿಗೆ ಅದೇ ಹಕ್ಕಿ ಅಂತ ನಂಬುವುದೂ ಕಷ್ಟ. ಹೊಟ್ಟೆ ತುಂಬಿಸಿಕೊಂಡು ಹೊರಡುವ ಕಾಲ ಅದು. ಹಾರಿಸಿ ಫೋಟೋ ತೆಗೆಯುವುದು, ಮಕ್ಕಳನ್ನು ಹಿಂಡಿನ ಮೇಲೆ ಓಡಿಸುವುದು ಬೇಡ.

ತಳ್ಳುಗಾಡಿಯ ಕೂಸು ಇದ್ದರೆ ಎಡ್ಜ್ ಹಿಲ್‌ನ ಬೊಟಾನಿಕ್ ಗಾರ್ಡನ್ ಮತ್ತು ಪಕ್ಕದ ಸೆಂಟೆನರಿ ಲೇಕ್ಸ್ ಸುಲಭ. ಹಲಗೆ ಹಾದಿ ಇದೆ, ನೆರಳಿದೆ. ಹಗಲಲ್ಲಿ ಮುರಿದ ಕೊಂಬೆಯ ಹಾಗೆ ಕಣ್ಣು ಮುಚ್ಚಿ ಕೂರುವ ಪಾಪುವನ್ ಫ್ರಾಗ್‌ಮೌತ್ ಅನ್ನುವ ರಾತ್ರಿಹಕ್ಕಿಯನ್ನು ಹುಡುಕಲು ಮಕ್ಕಳಿಗೆ ಹೇಳಿ. ದೊಡ್ಡವರಿಗಿಂತ ಬೇಗ ಅವರಿಗೇ ಕಾಣುತ್ತದೆ.

ಹಂತ 5: ಘಟ್ಟದ ಮೇಲೆ ಒಂದು ವಾರಾಂತ್ಯ

ಅಥರ್ಟನ್ ಟೇಬಲ್‌ಲ್ಯಾಂಡ್ಸ್ ಅಂದರೆ ಕೇರ್ನ್ಸ್ ಹಿಂದಿನ ಘಟ್ಟದ ಮೇಲಿನ ಬಯಲು ಸೀಮೆ. ತಂಪು ಹವೆ, ಕೆಂಪು ಮಣ್ಣು, ಜೋಳದ ಹೊಲ, ಟೀ ತೋಟ, ನಡುನಡುವೆ ಮಳೆಕಾಡು. ಗಿಲ್ಲೀಸ್ ಹೈವೇಯಲ್ಲಿ ಯಂಗಬರಾ ಊರಿಗೆ ಒಂದು ಗಂಟೆಯ ಮೇಲಾಗುತ್ತದೆ. ಆದರೆ ಆ ಘಟ್ಟದಲ್ಲಿ 19 ಕಿ.ಮೀ. ಒಳಗೆ 263 ತಿರುವುಗಳಿವೆ. ಮಕ್ಕಳಿಗೆ ವಾಂತಿ ಗ್ಯಾರಂಟಿ. ಖಾಲಿ ಹೊಟ್ಟೆಯಲ್ಲೂ ಹೊರಡಬೇಡಿ, ಭರ್ತಿ ಹೊಟ್ಟೆಯಲ್ಲೂ ಬೇಡ. ಒಂದು ಇಡ್ಲಿ, ಆಮೇಲೆ ಶುಂಠಿ ಪೆಪ್ಪರ್‌ಮಿಂಟು. ಕಿಟಕಿ ಸ್ವಲ್ಪ ತೆಗೆದಿರಲಿ, ಫೋನು ಕೈಗೆ ಕೊಡಬೇಡಿ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ರಾತ್ರಿ ತಂಗಿ. ಪ್ಲಾಟಿಪಸ್‌ಗಾಗಿ ಬೆಳಕು ಹರಿಯುವ ಮೊದಲು ನೀರ ಹತ್ತಿರ ಇರಬೇಕು.

ಯಂಗಬರಾದ ಅಂಚಿನಲ್ಲೇ ಪೀಟರ್ಸನ್ ಕ್ರೀಕ್ ಹರಿಯುತ್ತದೆ, ನೋಡಲೆಂದೇ ಕಟ್ಟಿದ ಅಟ್ಟಣಿಗೆ ಇದೆ. ಪ್ಲಾಟಿಪಸ್ ಸುಮಾರು ಒಂದು ಮೊಳ ಉದ್ದದ ಪ್ರಾಣಿ. ಫೋಟೋಗಳಲ್ಲಿ ದೊಡ್ಡದಾಗಿ ಕಾಣುವುದರಿಂದ ಜನ ತಪ್ಪಾದ ಗಾತ್ರ ಹುಡುಕುತ್ತಾರೆ. ಮೊದಲು ಕಾಣುವುದು ಪ್ರಾಣಿ ಅಲ್ಲ, ಗುಳ್ಳೆಗಳ ಸಾಲು. ಅದು ನೀರೊಳಗೆ ಕಣ್ಣು, ಕಿವಿ ಎರಡೂ ಮುಚ್ಚಿಕೊಂಡು ಕೊಕ್ಕಿನಿಂದಲೇ ಹುಳುಗಳ ವಿದ್ಯುತ್ ಮಿಡಿತ ಹಿಡಿದು ಬೇಟೆಯಾಡುತ್ತದೆ. ತಳ ಕೆದಕಿದಾಗ ಗುಳ್ಳೆ ಏಳುತ್ತದೆ. ಗುಳ್ಳೆ ನೋಡುವ ಕೆಲಸ ಮಕ್ಕಳದು. ಕಂಡಾಗ ಕೂಗದೆ ಬೆರಳು ತೋರಿಸಬೇಕು ಅಂತ ಮನೆಯಲ್ಲೇ ಒಪ್ಪಂದ ಆಗಿರಲಿ.

ಪ್ಲಾಟಿಪಸ್ ಮೇಲೆ ಬಂದು ಕೆಲವೇ ಸೆಕೆಂಡು ತೇಲುತ್ತದೆ, ಬಾಯಲ್ಲಿದ್ದದ್ದನ್ನು ಅಗಿಯುತ್ತದೆ, ಬೆನ್ನು ಬಾಗಿಸಿ ಮತ್ತೆ ಮುಳುಗುತ್ತದೆ. ಆಮೇಲೆ ಅರ್ಧ ನಿಮಿಷದ ಮೇಲೆ ಕಾಣುವುದಿಲ್ಲ. ಆ ಅರ್ಧ ನಿಮಿಷವೇ ನಿಮಗೆ ಅವಕಾಶ. ಮುಳುಗಿದ್ದಾಗ ಕಾಲು ಬದಲಿಸಿ, ಜಾಗ ಬದಲಿಸಿ, ಕೆಮ್ಮುವುದಿದ್ದರೆ ಕೆಮ್ಮಿ. ಮೇಲೆ ಇದ್ದಾಗ ಅಲುಗಬೇಡಿ. ಬೆಳಕು ತೀರಾ ಕಡಿಮೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 3200ರಿಂದ 6400, ಶಟರ್ 1/500, ಅದಕ್ಕೂ ಆಗದಿದ್ದರೆ 1/250. ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಫೈಲ್‌ನಲ್ಲಿ ತೆಗೆದರೆ ಚಿತ್ರದಲ್ಲಿ ಏಳುವ ಕಾಳುಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು. ಒದ್ದೆ ಮೈ ಹೊಳೆಯುವುದರಿಂದ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಫ್ಲ್ಯಾಶ್ ಇಲ್ಲಿಯೂ ಬೇಡವೇ ಬೇಡ.

ತಿಂಡಿಯಾದ ಮೇಲೆ ಲೇಕ್ ಈಚಂ. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ ಇದು. ಒಬ್ಬರು ಮಕ್ಕಳ ಜೊತೆ ದಡದಲ್ಲಿ ಇರಿ, ಇನ್ನೊಬ್ಬರು ಕಾಡಿನ ಹಾದಿ ಹಿಡಿಯಿರಿ, ಆಮೇಲೆ ಪಾಳಿ ಬದಲಿಸಿ. ಹಾದಿಯಲ್ಲಿ ಬಾಯ್ಡ್ಸ್ ಫಾರೆಸ್ಟ್ ಡ್ರ್ಯಾಗನ್ ಅನ್ನುವ ಓತಿಕ್ಯಾತ ಇದೆ. ಬೆನ್ನ ಮೇಲೆ ಮುಳ್ಳಿನ ಸಾಲು, ಗಂಟಲ ಕೆಳಗೆ ಹಳದಿ ಚೀಲ. ಹೆಚ್ಚಾಗಿ ನಮ್ಮ ಎದೆ ಎತ್ತರದ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ನೀವು ಹತ್ತಿರ ಹೋದರೆ ಓಡುವುದಿಲ್ಲ, ಮೆಲ್ಲಗೆ ಕಾಂಡದ ಆಚೆ ಸರಿಯುತ್ತದೆ. ಹಿಂದೆಯೇ ಸುತ್ತಿದರೆ ಅದೂ ಸುತ್ತುತ್ತದೆ. ನೀವು ನಿಂತಲ್ಲೇ ನಿಂತು ಕಾಯಿರಿ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು, ಅರ್ಧ ತಲೆ ಕಾಂಡದ ಅಂಚಿಂದ ಹೊರಗೆ ಬರುತ್ತದೆ. ಪೂರ್ತಿ ಮೈಯ ಫೋಟೋಗಿಂತ ಅದೇ ನನಗೆ ಇಷ್ಟ.

ಇಲ್ಲಿ ಬುತ್ತಿ ಬಿಚ್ಚುವಾಗ ಬ್ರಷ್ ಟರ್ಕಿ ಅನ್ನುವ ಕಾಡುಹಕ್ಕಿಗಳು ಬರುತ್ತವೆ. ಚಿತ್ರಾನ್ನದ ಡಬ್ಬಿ ಮುಚ್ಚಿಡಿ, ಒಂದು ಅಗುಳೂ ಹಾಕಬೇಡಿ.

ಕಾಡಿನ ಹಾದಿ ಬಿಟ್ಟು ಇಳಿಯಬಾರದು. ಇಂಬಳ, ಉಣ್ಣಿ ಮಲೆನಾಡಿನವರಿಗೆ ಹೊಸದಲ್ಲ, ಸಂಜೆ ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ನೋಡಿದರೆ ಆಯಿತು. ಹೊಸದು ಜಿಂಪಿ-ಜಿಂಪಿ ಗಿಡ. ಹೃದಯದ ಆಕಾರದ ಅಗಲ ಎಲೆ, ಗರಗಸದಂಥ ಅಂಚು, ಬಿಸಿಲು ಬೀಳುವ ಹಾದಿ ಬದಿಯಲ್ಲೇ ಬೆಳೆಯುತ್ತದೆ. ಮುಟ್ಟಿದರೆ ಗಾಜಿನ ಸೂಜಿಯಂಥ ರೋಮ ಚುಚ್ಚಿಕೊಂಡು ನೋವು ತಿಂಗಳುಗಟ್ಟಲೆ ಉಳಿಯಬಹುದು. ಮೊದಲ ದಿನವೇ ಅದರ ಚಿತ್ರ ಮಕ್ಕಳಿಗೆ ತೋರಿಸಿ.

ಮಧ್ಯಾಹ್ನ ಹೇಸ್ಟೀಸ್ ಸ್ವಾಂಪ್ ಅನ್ನುವ ಜೌಗಿಗೆ ಹೋಗಿ. ಅಥರ್ಟನ್ ಊರಿನ ಹತ್ತಿರ, ಮರೆಯಲ್ಲಿ ಕೂತು ಹಕ್ಕಿ ನೋಡುವ ಎರಡು ಅಂತಸ್ತಿನ ಅಡಗುಮನೆ ಇದೆ, ಒಣಗಾಲದಲ್ಲಿ ಶಿಳ್ಳೆ ಬಾತುಗಳು ರಾಶಿ ರಾಶಿ ಸೇರುತ್ತವೆ. ಮಕ್ಕಳು ಗೋಡೆಯೊಳಗೆ ಇರುವುದರಿಂದ ದೊಡ್ಡವರಿಗೂ ನಿರಾಳ. ಮರಗಳ ಮೇಲೆ ಬದುಕುವ ಲಮ್‌ಹೋಲ್ಟ್ಸ್ ಕಾಂಗರೂ ನೋಡಬೇಕಾದರೆ ಮಲಾಂಡಾ ಹತ್ತಿರದ ನೆರಾಡಾ ಟೀ ತೋಟ ಹೆಸರಾದ ಜಾಗ. ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ.

ಕೊಯ್ಲಾದ ಜೋಳದ ಹೊಲಗಳಲ್ಲಿ ಬ್ರೋಲ್ಗಾ ಅನ್ನುವ ಇಲ್ಲಿಯ ಕೊಕ್ಕರೆ ಮತ್ತು ಸಾರಸ ಒಟ್ಟಿಗೇ ಮೇಯುತ್ತವೆ. ಉತ್ತರ ಭಾರತದ ಗದ್ದೆಗಳ ಅದೇ ಸಾರಸ. ಆಸ್ಟ್ರೇಲಿಯಾದಲ್ಲಿ ಅದನ್ನು ಮೊದಲು ಗುರುತಿಸಿ ದಾಖಲಿಸಿದ್ದು 1966ರಲ್ಲಿ. ಕೆಂಪು ಬಣ್ಣ ತಲೆಯಲ್ಲೇ ನಿಂತಿದ್ದರೆ ಬ್ರೋಲ್ಗಾ, ಕತ್ತಿನ ಕೆಳಗೂ ಇಳಿದು ಕಾಲು ಗುಲಾಬಿಯಾಗಿದ್ದರೆ ಸಾರಸ. ಹೊಲ ರೈತರದ್ದು. ಬೇಲಿ ದಾಟದೆ, ಕಾರಿನ ಕಿಟಕಿಗೆ ಒಂದು ಅಕ್ಕಿ ಚೀಲ ಇಟ್ಟು ಲೆನ್ಸ್ ಅದರ ಮೇಲೆ ಇಡಿ.

ಹಂತ 6: ಕ್ಯಾಸೊವರಿ ಎದುರಾದಾಗ

ಇನಿಸ್‌ಫೇಲ್ ಹತ್ತಿರದ ಎಟ್ಟಿ ಬೇ, ಇನ್ನೂ ದಕ್ಷಿಣಕ್ಕೆ ಮಿಷನ್ ಬೀಚ್, ಈ ಎರಡು ಕಡೆ ಕ್ಯಾಸೊವರಿ ಅನ್ನುವ ಹಾರಲಾರದ ದೊಡ್ಡ ಹಕ್ಕಿ ಕಾಣುವ ಸಾಧ್ಯತೆ ಜಾಸ್ತಿ. ಎಟ್ಟಿ ಬೇನಲ್ಲಿ ಅದು ಮರಳಿನ ಮೇಲೇ ನಡೆದು ಬರುತ್ತದೆ. ಮನುಷ್ಯನ ಎತ್ತರದ ಹಕ್ಕಿ, ಕಪ್ಪು ಮೈ, ನೀಲಿ ಕುತ್ತಿಗೆ, ಕೊರಳಲ್ಲಿ ಎರಡು ಕೆಂಪು ಜೋಲು. ಒಳಬೆರಳಿನ ಉಗುರು ಚೂರಿಯಷ್ಟು ಉದ್ದ. ಮೊಟ್ಟೆಗೆ ಕಾವು ಕೊಡುವುದು, ಪಟ್ಟೆಪಟ್ಟೆ ಮರಿಗಳನ್ನು ಸುಮಾರು ಒಂಬತ್ತು ತಿಂಗಳು ಸಾಕುವುದು ಅಪ್ಪನೇ. ಮರಿ ಇರುವ ಅಪ್ಪನಿಗೆ ಸಿಟ್ಟು ಬೇಗ ಬರುತ್ತದೆ.

ಹತ್ತಿರ ಬಂದರೆ ಬೆನ್ನು ತಿರುಗಿಸಬೇಡಿ, ಓಡಬೇಡಿ. ಮಕ್ಕಳನ್ನು ಹಿಂದಕ್ಕೆ ತೆಗೆದುಕೊಂಡು, ಬ್ಯಾಗನ್ನು ಎದುರಿಗೆ ಹಿಡಿದು, ಮೆಲ್ಲಗೆ ಹಿಂದೆ ಸರಿಯಿರಿ. ಮರ, ಬೆಂಚು ಏನಾದರೂ ನಡುವೆ ಬರಲಿ. ತಗ್ಗಿನಿಂದ ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಮಂಡಿ ಊರುವ ಅಭ್ಯಾಸ ಇಲ್ಲಿ ಬಿಟ್ಟುಬಿಡಿ. ಕಾರಿನೊಳಗಿಂದಲೇ ತೆಗೆದರೆ ಎಲ್ಲಕ್ಕಿಂತ ಒಳ್ಳೆಯದು. ಮೈ ಕಪ್ಪಾಗಿರುವುದರಿಂದ ಕ್ಯಾಮೆರಾ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಮೈನಸ್ 0.7ಕ್ಕೆ ಇಳಿಸಿದರೆ ಕುತ್ತಿಗೆಯ ನೀಲಿ ಉಳಿಯುತ್ತದೆ.

ಇದಕ್ಕೆ ತಿನ್ನಲು ಕೊಡುವುದು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅಪರಾಧ. ತಿಂಡಿಯ ಆಸೆಗೆ ರಸ್ತೆಗೆ ಬರುವ ಕ್ಯಾಸೊವರಿ ಕಾರಿಗೆ ಸಿಕ್ಕಿ ಸಾಯುತ್ತದೆ. ಕಾಡಿನ ನೂರಾರು ಜಾತಿಯ ಮರಗಳ ಬೀಜ ಹರಡುವ ಹಕ್ಕಿ ಅದು. ಕ್ಯಾಸೊವರಿ ಎಚ್ಚರಿಕೆಯ ಹಳದಿ ಬೋರ್ಡ್ ಕಂಡಲ್ಲಿ ಕಾರು ನಿಧಾನ ಮಾಡಿ.

ಹಂತ 7: ಮೊಸಳೆ ಇರುವ ನೀರು

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಂತ ಇಷ್ಟು ಹೊತ್ತು ಹೇಳಿದೆ. ಇಲ್ಲಿ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕರಾವಳಿಯ ಹೊಳೆ, ಅಳಿವೆ, ಕಾಂಡ್ಲಾ ಕಾಡು, ಕಡಲತೀರ, ಎಲ್ಲ ಕಡೆ ಉಪ್ಪುನೀರಿನ ಮೊಸಳೆ ಇರಬಹುದು. ಅದು ದಡದ ಓಡಾಟವನ್ನು ಗಮನಿಸುತ್ತದೆ. ದಿನಾ ಅದೇ ಹೊತ್ತಿಗೆ ಅದೇ ದಡಕ್ಕೆ ಬರುವವರ ಸಮಯ ಕಲಿತುಕೊಳ್ಳುತ್ತದೆ. ಒಳ್ಳೆ ಛಾಯಾಗ್ರಾಹಕನ ಅಭ್ಯಾಸವೇ ಇಲ್ಲಿ ಅಪಾಯ. ನೀರಿನ ಅಂಚಿಂದ ಕನಿಷ್ಠ 5 ಮೀಟರ್ ದೂರ ಇರಿ, ನೀರ ಮಟ್ಟಕ್ಕೆ ಮಲಗಿ ತೆಗೆಯುವ ಫೋಟೋ ಮರೆತುಬಿಡಿ. ಎಚ್ಚರಿಕೆಯ ಬೋರ್ಡ್ ಇಲ್ಲ ಅಂದರೆ ಮೊಸಳೆ ಇಲ್ಲ ಅಂತಲ್ಲ.

ಇನ್ನೊಂದು ನಿಯಮ ನಮ್ಮ ಮನೆಯಲ್ಲಿ ಎಲ್ಲ ನೀರಿಗೂ ಇದೆ. ಕ್ಯಾಮೆರಾ ಕೈಯಲ್ಲಿ ಇರುವವರು ಮಕ್ಕಳನ್ನು ನೋಡಿಕೊಳ್ಳುತ್ತಿಲ್ಲ ಅಂತಲೇ ಲೆಕ್ಕ. ಕ್ಯಾಮೆರಾ ಎತ್ತುವ ಮುನ್ನ "ನೀನು ನೋಡ್ಕೋ" ಅಂತ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು "ಹೂಂ" ಅನ್ನಬೇಕು.

ಮೊಸಳೆಯ ಫೋಟೋಗೆ ಡೇಂಟ್ರೀ ಹೊಳೆಯ ದೋಣಿ ಹತ್ತಿ. ರಂಗನತಿಟ್ಟಿನ ದೋಣಿ ಹತ್ತಿದವರಿಗೆ ದೋಣಿಯಿಂದ ಪ್ರಾಣಿಗಳು ಹೆದರದೆ ಇರುವುದು ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ನೀರು ತಣ್ಣಗಿರುವಾಗ, ಇಳಿತದ ಹೊತ್ತು ಹತ್ತು ಗಂಟೆ ಸುಮಾರಿಗೆ ಬಂದರೆ, ಕೆಸರಿನ ದಡದಲ್ಲಿ ಬಾಯಿ ತೆರೆದು ಬಿಸಿಲು ಕಾಯಿಸುತ್ತಿರುತ್ತವೆ. ಮಿಂಚುಳ್ಳಿ, ದೊಡ್ಡ ಕೊಕ್ಕಿನ ಬಕ ಬೇಕಾದರೆ ನಸುಕಿನ ದೋಣಿ. ಅಲುಗುವ ದೋಣಿಯಲ್ಲಿ ಶಟರ್ 1/1000ಕ್ಕಿಂತ ಇಳಿಸಬೇಡಿ. ದಾರಿಯಲ್ಲಿ ಸಿಗುವ ಮಾಸ್‌ಮನ್ ಗಾರ್ಜ್ ಇಲ್ಲಿಯ ಮೂಲನಿವಾಸಿಗಳಾದ ಕುಕು ಯಲಂಜಿ ಜನರ ನೆಲ. ಡೇಂಟ್ರೀ ರಾಷ್ಟ್ರೀಯ ಉದ್ಯಾನವನ್ನು 2021ರಲ್ಲಿ ಅವರಿಗೆ ಮರಳಿ ಒಪ್ಪಿಸಲಾಯಿತು. ಅವರೇ ಕರೆದೊಯ್ಯುವ ನಡಿಗೆಯಲ್ಲಿ ಮಕ್ಕಳು ಕಾಡಿನ ಬಗ್ಗೆ ತಿಳಿಯುವಷ್ಟನ್ನು ನಾವು ಹೇಳಿಕೊಡಲಾರೆವು.

ಹಂತ 8: ಮನೆಗೆ ಬಂದ ಮೇಲೆ

ಸಂಜೆಯೇ ಮಕ್ಕಳ ಜೊತೆ ಕೂತು ಆರಿಸಿ. ಒಂದು ಹೊರಸಂಚಾರಕ್ಕೆ ಐದು ಫೋಟೋ ಸಾಕು. ಹೆಸರು ಗೊತ್ತಾಗದ್ದನ್ನು ಜೀವಿಗಳನ್ನು ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ತಿಳಿದವರು ಹೇಳುತ್ತಾರೆ. ಮನೆ, ಶಾಲೆಯ ಹತ್ತಿರದ ಫೋಟೋಗಳಿಗೆ ಅದರಲ್ಲೇ ಜಾಗ ಮರೆಮಾಡುವ ಸೌಲಭ್ಯ ಇದೆ, ಬಳಸಿ. ಗೂಡಿನ ಜಾಗವನ್ನೂ ಯಾರಿಗೂ ಕಾಣಿಸಬೇಡಿ. ಮಳೆಯ ರಾತ್ರಿ ಹೊರಗೆ ಹೋಗಲಾಗದಿದ್ದರೆ ಆಸ್ಟ್ರೇಲಿಯನ್ ಮ್ಯೂಸಿಯಂನ ಫ್ರಾಗ್‌ಐಡಿ ಆ್ಯಪ್ ತೆರೆದು ಕಿಟಕಿಯಿಂದಲೇ ಕಪ್ಪೆಯ ಕೂಗು ರೆಕಾರ್ಡ್ ಮಾಡಿ ಕಳಿಸಿ. ಯಾವ ಕಪ್ಪೆ ಅಂತ ಅಲ್ಲಿಂದ ಉತ್ತರ ಬರುತ್ತದೆ. ಆ ಉತ್ತರಕ್ಕೆ ಮಕ್ಕಳು ಕಾಯುವುದು ನೋಡಬೇಕು.

ಓಡಾಟದಲ್ಲಿ ಗಾಯವಾದ ಪ್ರಾಣಿ ಸಿಕ್ಕರೆ ಪ್ರಾಣಿ ರಕ್ಷಣಾ ಸಂಸ್ಥೆ ಆರ್‌ಎಸ್‌ಪಿಸಿಎ ಕ್ವೀನ್ಸ್‌ಲ್ಯಾಂಡ್‌ನ 1300 264 625ಕ್ಕೆ ಫೋನ್ ಮಾಡಿ. ಬಾವಲಿಯಾದರೆ ಬದುಕಿದ್ದರೂ ಸತ್ತಿದ್ದರೂ ಮುಟ್ಟಬಾರದು. ರೇಬೀಸ್‌ನಂಥ ಲಿಸಾವೈರಸ್ ಇರಬಹುದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಡಾಕ್ಟರ ಹತ್ತಿರ ಹೋಗಿ.